ತೊಡೆಯ ಮಾತನ್ನು ಮರೆತ ಕೌರವ

ಮಾನ್ಯ ಸಂಪಾದಕರೇ,

ಈ ಬಾರಿ ಆಟಿ ತಿಂಗಳಲ್ಲಿ ನಮ್ಮ ಕುಂಬಳೆ ಸೀಮೆಯ ಬೇರೆ ಬೇರೆ ಕಡೆ ‘ಗದಾಯುದ್ಧ’ ತಾಳಮದ್ದಳೆಯನ್ನು (ವೇಷ, ಕುಣಿತಗಳಿಲ್ಲದೆ ಹಾಡು, ಮಾತುಗಳಲ್ಲೇ ನಡೆಯುವ ಯಕ್ಷಗಾನ) ಮೂರು ಸಲ ಕೇಳಿದೆ. ಕೌರವನ, ಅಂದರೆ ದುರ್ಯೋಧನನ, ಅರ್ಥ (ಪಾತ್ರದ ಮಾತು) ಹೇಳಿದ ಮೂವರೂ ಮಾತು ಬಲ್ಲವರೇ, ಆದರೆ ಮೂವರೂ ಅವನನ್ನು ಪೂರ್ತಿ ನಿರಪರಾಧಿಯನ್ನಾಗಿ ಮಾಡಿಬಿಟ್ಟರು. ಭೀಮ ತೊಡೆಗೆ ಹೊಡೆದದ್ದು ತಪ್ಪು, ನಾಭಿಯಿಂದ ಕೆಳಗೆ ಹೊಡೆಯುವುದು ನಿಯಮಬಾಹಿರ, ಬಲರಾಮನೇ ಭೀಮನ ಮೇಲೆ ಕನಲಿದ ಎಂಬ ವಾದಕ್ಕೆ ಸಭೆ ಚಪ್ಪಾಳೆ ತಟ್ಟಿತು. ಅದೇ ತೊಡೆಯನ್ನು ದ್ಯೂತಸಭೆಯಲ್ಲಿ ದ್ರೌಪದಿಗೆ ತೋರಿಸಿದ್ದಾಗಲಿ, ಬುದ್ಧಿ ಹೇಳಲು ಬಂದ ಮೈತ್ರೇಯ ಋಷಿಯ ಎದುರು ಅದನ್ನೇ ತಟ್ಟಿಕೊಂಡು, ನಸುನಗುತ್ತ ಕಾಲಿನಿಂದ ನೆಲ ಗೀರಿ ಶಾಪ ತಂದುಕೊಂಡದ್ದಾಗಲಿ ಯಾರ ಅರ್ಥದಲ್ಲೂ ಬರಲಿಲ್ಲ.

ಪ್ರತಿನಾಯಕನ ಪರವಾಗಿ ವಾದಿಸಬಾರದೆಂದು ನಾನು ಹೇಳುತ್ತಿಲ್ಲ. ರಾವಣ, ವಾಲಿ, ಕೌರವರ ಪಾತ್ರಗಳಿಗೆ ಶೇಣಿ ಗೋಪಾಲಕೃಷ್ಣ ಭಟ್ಟರಂಥ ಅರ್ಥಧಾರಿಗಳು ತಂದ ಘನತೆಯನ್ನು ಕೇಳಿ ಬೆಳೆದವನು ನಾನು. ಆದರೆ ದೋಷವನ್ನು ತೊಳೆದುಹಾಕಿದರೆ ಆ ಘನತೆಯೂ ತೊಳೆದುಹೋಗುತ್ತದೆ. ಕೌರವನಲ್ಲಿ ಇವೆರಡೂ ಒಂದೇ ಬೇರಿನವು. ಶಲ್ಯಪರ್ವದಲ್ಲಿ ಧರ್ಮರಾಯ, ನಮ್ಮೈವರಲ್ಲಿ ಒಬ್ಬನನ್ನು ಗೆದ್ದರೂ ರಾಜ್ಯ ನಿನ್ನದೇ ಎಂದಾಗ, ನಕುಲನನ್ನೋ ಸಹದೇವನನ್ನೋ ಕರೆದಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಕೃಷ್ಣ ಧರ್ಮರಾಯನನ್ನು ಗದರಿದ್ದೂ ಇದಕ್ಕೇ. ಕೌರವ ಹಾಗೆ ಕರೆಯಲಿಲ್ಲ, ಯಾರು ಬೇಕಾದರೂ ಬನ್ನಿ ಎಂದ. ಸೂಜಿಯ ಮೊನೆಯಷ್ಟು ನೆಲವನ್ನೂ ಕೊಡೆನೆಂದು ಸಂಧಾನ ಮುರಿದ ಅಭಿಮಾನವೇ ಇಲ್ಲಿ ಅವನಿಗೆ ಅಗ್ಗದ ಗೆಲುವು ಬೇಡವೆನ್ನಿಸಿತು.

‘ಗದಾಯುದ್ಧ’ ಕಾವ್ಯ ಬರೆದ ಹಳಗನ್ನಡ ಕವಿ ರನ್ನ ಇದನ್ನು ಚೆನ್ನಾಗಿ ಬಲ್ಲವನು. ತನ್ನ ಆಶ್ರಯದಾತ ಸತ್ಯಾಶ್ರಯನನ್ನು ಭೀಮನಿಗೆ ಹೋಲಿಸಿ ಕಾವ್ಯ ಬರೆದರೂ ಹೃದಯ ಕೊಟ್ಟದ್ದು ದುರ್ಯೋಧನನಿಗೆ. ಹೆಣಗಳ ನಡುವೆ ನಡೆಯುತ್ತಾ ವೈರಿಯ ಮಗ ಅಭಿಮನ್ಯುವಿನ ಪರಾಕ್ರಮಕ್ಕೆ ಕೈಮುಗಿಯುವ ಈ ಅರಸ, ಕರ್ಣ ದುಶ್ಶಾಸನರಿಲ್ಲದ ನೆಲ ತನಗೆ ಪಾಳೆಂದು ಸಂಧಿಯ ಮಾತನ್ನು ತಳ್ಳಿಹಾಕುತ್ತಾನೆ. ಒಂದು ದಿನ ಕೊಳದಲ್ಲಿ ಅಡಗಿರೆಂದ ಭೀಷ್ಮರ ಸಲಹೆಗೆ ಒಪ್ಪಿದವನಿಗೆ ಭೀಮನ ಮೂದಲಿಕೆ ಕಿವಿಗೆ ಬಿದ್ದೊಡನೆ ನೀರೊಳಗಿದ್ದೂ ಬೆವರುತ್ತದೆ. ಆ ಬೆವರು ಹೆದರಿಕೆಯದಲ್ಲ, ಸಹಿಸಲಾಗದ ಸಿಟ್ಟಿನದು. ಆ ಕ್ಷಣಕ್ಕೆ ಸುಮ್ಮನಿರಬೇಕೆಂಬ ಒಂದೇ ಒಂದು ಬುದ್ಧಿ ಅವನಲ್ಲಿ ಇರಲಿಲ್ಲ. ಬಿ.ಎಂ. ಶ್ರೀಕಂಠಯ್ಯನವರು 1926ರಲ್ಲಿ ಈ ಕಾವ್ಯವನ್ನು ರಂಗಕ್ಕೆ ತಂದದ್ದೂ, 1929ರ ‘ಅಶ್ವತ್ಥಾಮನ್’ ಎಂಬ ರುದ್ರನಾಟಕವನ್ನು ಗ್ರೀಕ್ ಕವಿ ಸೊಫೋಕ್ಲಿಸನ ‘ಅಯಾಸ್’ನ ಜಾಡಿನಲ್ಲಿ ಕಟ್ಟಿದ್ದೂ ಸುಮ್ಮನೆ ಅಲ್ಲ. ದೇವರ ನೆರವಿಲ್ಲದೆಯೇ ಕೀರ್ತಿ ಗಳಿಸುತ್ತೇನೆಂದು ತಂದೆಗೆ ಹೇಳಿ ಹೊರಟ ಆ ಗ್ರೀಕ್ ವೀರ ಅಯಾಸನೂ ಕೌರವನೂ ದಾಯಾದಿಗಳಂತಿದ್ದಾರೆ.

ಅರ್ಥಧಾರಿಗಳ ಮೇಲಷ್ಟೇ ತಪ್ಪು ಹೊರಿಸುವುದೂ ನ್ಯಾಯವಲ್ಲ. ಎರಡೂವರೆ ಗಂಟೆಯಲ್ಲಿ ಮುಗಿಸಿ ಎಂದು ಸಂಘಟಕರು ಗಡಿಯಾರ ನೋಡುತ್ತಾರೆ. ಹಾಗಾಗಿ ಹತರಾದವರನ್ನು ಕಂಡು ಕೌರವ ಮರುಗುವ ಪದ್ಯ ಬಿಟ್ಟುಹೋಗುತ್ತದೆ, ಪ್ರಸಂಗ ನೇರವಾಗಿ ಕೊಳದ ದಡದಿಂದಲೇ ಶುರುವಾಗುತ್ತದೆ. ಸ್ವಾಗತ ಭಾಷಣ, ಶಾಲು ಹೊದೆಸುವುದನ್ನೆಲ್ಲ ಕೊನೆಗೆ ಇಟ್ಟುಕೊಂಡು ಆ ಪದ್ಯಕ್ಕೆ ಅರ್ಧ ಗಂಟೆ ಬಿಟ್ಟುಕೊಡಲಿ ಎಂದು ವಿನಂತಿ.

ಇತಿ,
ಓರ್ವ ತಾಳಮದ್ದಳೆ ಶ್ರೋತೃ
ಕುಂಬಳೆ, ಕಾಸರಗೋಡು ಜಿಲ್ಲೆ