ಆಫ್ರಿಕಾ ಮ್ಯೂಸಿಯಂಗೆ ಬರುವವರ ಗಮನಕ್ಕೆ

ಎಲ್ಲರಿಗೂ ನಮಸ್ಕಾರ. ಭಾನುವಾರ ಆಫ್ರಿಕಾ ಮ್ಯೂಸಿಯಂ ನೋಡಲು ಬ್ರಸೆಲ್ಸ್ ಪಕ್ಕದ ತೆರ್ವುರೆನ್‌ಗೆ ಬರುವವರು ಬ್ರಸೆಲ್ಸ್‌ನ ಮೊಂಟ್‌ಗೊಮೆರಿಯಿಂದ 44ನೇ ಟ್ರ್ಯಾಮ್ ಹಿಡಿದು ಕೊನೆಯ ಸ್ಟಾಪ್‌ನಲ್ಲಿ ಇಳಿಯಿರಿ.

ಒಂದು ಮಾತು ಮೊದಲೇ ಹೇಳಿಬಿಡ್ತೀನಿ. ಮಕ್ಕಳಿಗೆ ಆನೆ, ಮೊಸಳೆ ತೋರಿಸಿ ಸುಮ್ನೆ ವಾಪಸ್ ಬರಬೇಡಿ. ಬೆಲ್ಜಿಯಂ ದೊರೆ ಎರಡನೇ ಲಿಯೋಪೋಲ್ಡ್ ಕಾಂಗೋವನ್ನು ಸ್ವಂತ ಆಸ್ತಿ ಮಾಡಿಕೊಂಡು, ರಬ್ಬರ್‌ಗಾಗಿ, ದಂತಕ್ಕಾಗಿ ಅಲ್ಲಿನ ಜನರನ್ನು ಹಿಂಡಿ ಹಾಕಿದ ಕಾಲದಲ್ಲಿ ಶುರುವಾದ ಮ್ಯೂಸಿಯಂ ಇದು. 1897ರ ಪ್ರದರ್ಶನಕ್ಕೆ 267 ಕಾಂಗೋ ಜನರನ್ನು ಕರೆತಂದು, ಇಲ್ಲಿ ತೆರ್ವುರೆನ್‌ನಲ್ಲಿ ಹಳ್ಳಿ ಕಟ್ಟಿ, ನೋಡಲು ಬಂದವರ ಮುಂದೆ ಇಟ್ಟರು. ಅವರಲ್ಲಿ ಏಳು ಜನ ಇಲ್ಲೇ ಸತ್ತರು.

ಒಳಗಿನ ಒಂದು ಗೋಡೆಯಲ್ಲಿ ಕಾಂಗೋದಲ್ಲಿ ತೀರಿಕೊಂಡ 1508 ಬೆಲ್ಜಿಯನ್ನರ ಹೆಸರಿವೆ. ಕಾಂಗೋದ ಕಲಾವಿದ ಫ್ರೆಡ್ಡಿ ತ್ಸಿಂಬಾ ಎದುರಿನ ಕಿಟಕಿ ಗಾಜಿಗೆ ಆ ಏಳು ಜನರ ಹೆಸರು ಹಾಕಿದ್ದಾರೆ, ಬಿಸಿಲು ಬಿದ್ದಾಗ ನೆರಳು ಸೀದಾ ಆ ಪಟ್ಟಿಯ ಮೇಲೇ ಬೀಳುತ್ತದೆ. ಎಷ್ಟು ಗಟ್ಟಿಯಾದ ಉತ್ತರ ಅಲ್ವಾ! ದೊಡ್ಡ ಗುಮ್ಮಟದ ಕೆಳಗಿನ ವಸಾಹತು ಆಳ್ವಿಕೆಯನ್ನು ಹೊಗಳುವ ಚಿನ್ನದ ಬಣ್ಣದ ಹಳೆಯ ಪ್ರತಿಮೆಗಳನ್ನು ತೆಗೆಯಲು ಆಗಲಿಲ್ಲ, ಕಟ್ಟಡಕ್ಕೆ ಕಾನೂನಿನ ರಕ್ಷಣೆ ಇದೆ. ನವೀಕರಣ ಮುಗಿಸಿ 2018ರಲ್ಲಿ ಮತ್ತೆ ತೆರೆದಾಗ ಕಾಂಗೋದ ಇನ್ನೊಬ್ಬ ಕಲಾವಿದ ಐಮೆ ಮ್ಪಾನೆ ಮಾಡಿದ ಮರದ ತಲೆಯನ್ನು ಅವುಗಳ ನಡುವೆ ಇಟ್ಟರು. ನನ್ನ ಪ್ರಕಾರ ಅದಷ್ಟೇ ಸಾಲದು. ಪ್ರತಿ ವಸ್ತುವಿನ ಪಕ್ಕ ಅದನ್ನು ಕೊಂಡರೋ, ಕಿತ್ತುಕೊಂಡರೋ ಅಂತ ಸ್ಪಷ್ಟವಾಗಿ ಬರೆದಿರಬೇಕು. ನೋಡುವಾಗ ನೀವೂ ಇದನ್ನೇ ಕೇಳಿಕೊಳ್ಳಿ, ಮಕ್ಕಳಿಗೂ ಹೇಳಿಕೊಡಿ.

ಬರುವವರು ಶುಕ್ರವಾರದೊಳಗೆ ಇಲ್ಲೇ ಹೆಸರು ಹಾಕಿ.