ಉಗಾಂಡದ ಜಿಗಿಹುಳು ಮತ್ತು ಅಪ್ಪನ ಪ್ರಶ್ನೆ

ಕೇಂಬ್ರಿಜ್

ಪ್ರೀತಿಯ ಅಪ್ಪನಿಗೆ,

ನಮಸ್ಕಾರಗಳು. ನಾನಿಲ್ಲಿ ಕ್ಷೇಮ. ಬದಿಯಡ್ಕದಲ್ಲಿ ಮಳೆ ಸ್ವಲ್ಪ ಬಿಟ್ಟಿದೆ, ಅಡಿಕೆಗೆ ಎರಡನೇ ಸಲದ ಮದ್ದು ಬಿಟ್ಟಾಯಿತು ಅಂತ ತಮ್ಮ ಹೇಳಿದ. ಈ ಕಾಲದಲ್ಲಿ ಮರ ಹತ್ತುವವರು ಸಿಕ್ಕಿದ್ದೇ ದೊಡ್ಡದು.

ಮೊನ್ನೆ ಫೋನಿನಲ್ಲಿ ಕೇಳಿದಿರಲ್ಲ, ಒಂದು ಜಿಗಿಹುಳು ಹೊಸತು ಅಂತ ಹೇಳಲಿಕ್ಕೆ ಇಷ್ಟೆಲ್ಲ ಓದಬೇಕಾ ಅಂತ. ಆಗ ಸ್ಪೀಕರ್ ಹಾಕಿತ್ತು, ಪಕ್ಕದಲ್ಲಿ ಅಜ್ಜಿ ಇದ್ದರು. ಅದಕ್ಕೇ ಮಾತು ತಪ್ಪಿಸಿದೆ.

ಕಾಟುಮಾವು ಹೂ ಬಿಟ್ಟಾಗ ಮರದಡಿ ನಿಂತರೆ ಟಿಕ್ ಟಿಕ್ ಅಂತ ಹಾರುತ್ತವಲ್ಲ, ಎಲೆಯೆಲ್ಲ ಅಂಟಾಗಿ ಮಸಿ ಹಿಡಿಯುತ್ತದಲ್ಲ, ಅದೇ ಬಳಗ ಇದು. ನಾನು ಹೇಳಿದ ಹುಳ ಮಾತ್ರ ಉಗಾಂಡದ್ದು. ನಾನಿರುವ ಈ ಕೇಂಬ್ರಿಜ್‌ನ ಆಂಗ್ಲಿಯಾ ರಸ್ಕಿನ್ ವಿಶ್ವವಿದ್ಯಾಲಯದ ಆಲ್ವಿನ್ ಹೆಲ್ಡನ್ ಎಂಬವರು ವಿದ್ಯಾರ್ಥಿಗಳನ್ನು ಅಲ್ಲಿನ ಕಿಬಾಲೆ ಕಾಡಿಗೆ ಕರಕೊಂಡು ಹೋಗುತ್ತಿದ್ದರು. ಅಲ್ಲಿ ಸಿಕ್ಕಿದ್ದು. ಮೈಗೆ ಲೋಹದ ಹೊಳಪು, ಮೈತುಂಬ ಸಣ್ಣ ಸಣ್ಣ ಗುಳಿ. 2022ರಲ್ಲಿ ಫ್ಲೋಗಿಸ್ ಕಿಬಾಲೆನ್ಸಿಸ್ ಎಂಬ ಹೆಸರಿನಲ್ಲಿ ಪ್ರಕಟವಾಯಿತು. ಫ್ಲೋಗಿಸ್ ಕುಲದ ಹುಳ ಅದಕ್ಕೂ ಮೊದಲು ದಾಖಲಾದದ್ದು 1969ರಲ್ಲಿ, ಮಧ್ಯ ಆಫ್ರಿಕಾ ಗಣರಾಜ್ಯದಲ್ಲಿ. ನೀವು ಹುಟ್ಟಿದ ವರ್ಷದ ಆಸುಪಾಸು! ಕಿಬಾಲೆಯ ಹುಳ ಯಾವ ಗಿಡದ ರಸ ಕುಡಿಯುತ್ತದೆ ಅಂತ ಹೆಸರಿಟ್ಟವರಿಗೂ ಗೊತ್ತಾಗಿರಲಿಲ್ಲ.

ಜಿಗಿಹುಳು ಹೌದೋ ಅಲ್ಲವೋ ಅಂತ ತಿಳಿಯುವುದು ಸುಲಭ. ಹಿಂಗಾಲಿನಲ್ಲಿ ಸಾಲಾಗಿ ಮುಳ್ಳುಗಳಿರುತ್ತವೆ. ಕಷ್ಟ ಇರುವುದು ಆಮೇಲೆ. ಹೆಸರಿಟ್ಟ ಜಾತಿಗಳೇ 20,000ಕ್ಕೂ ಜಾಸ್ತಿ. ಬಣ್ಣ ನಂಬುವ ಹಾಗಿಲ್ಲ. ಒಂದೇ ಜಾತಿಯಲ್ಲಿ ಗಂಡಿಗೊಂದು ಬಣ್ಣ, ಹೆಣ್ಣಿಗೊಂದು ಬಣ್ಣ ಇರಬಹುದು. ತದ್ರೂಪ ಕಾಣುವ ಎರಡು ಹುಳ ಬೇರೆ ಬೇರೆ ಜಾತಿಯವೂ ಆಗಿರಬಹುದು. ಹಾಗಾಗಿ ಗಂಡು ಹುಳದ ಹೊಟ್ಟೆಯ ತುದಿ ಬಿಡಿಸಿ ಕಾಸ್ಟಿಕ್ ಪೊಟ್ಯಾಶ್ ಎಂಬ ಕ್ಷಾರದಲ್ಲಿ ಹಾಕುತ್ತಾರೆ. ಮಾಂಸ ಕರಗಿ ಗಟ್ಟಿ ಭಾಗ ಮಾತ್ರ ಉಳಿಯುತ್ತದೆ. ಅದನ್ನು ಗ್ಲಿಸರಿನ್‌ನಲ್ಲಿಟ್ಟು ಸೂಕ್ಷ್ಮದರ್ಶಕದಲ್ಲಿ ನೋಡುವುದು ಜನನಾಂಗದ ಆಕಾರವನ್ನು. ಕಿಬಾಲೆಯ ಹುಳದ್ದು ಸ್ವಲ್ಪ ಎಲೆಯ ಆಕಾರದ್ದಂತೆ. ಇದನ್ನೆಲ್ಲ ಅಜ್ಜಿಯ ಎದುರು ಹೇಳಲಿಕ್ಕಾಗುತ್ತದಾ, ನೀವೇ ಹೇಳಿ.

ಅಷ್ಟಕ್ಕೇ ಮುಗಿಯುವುದಿಲ್ಲ. ಹಿಂದಿನವರು ಹೆಸರಿಟ್ಟ ಮೂಲ ಹುಳಗಳ ಜೊತೆ ಹೋಲಿಸಿ ನೋಡಬೇಕು. ಡಿಸ್ಟಂಟ್ ಎಂಬವರು ಬ್ರಿಟಿಷರ ಕಾಲದಲ್ಲಿ ಹೆಸರಿಟ್ಟ ನಮ್ಮ ದೇಶದ ಎಷ್ಟೋ ಜಿಗಿಹುಳುಗಳು ಲಂಡನ್ನಿನ ಮ್ಯೂಸಿಯಮ್ಮಿನಲ್ಲಿ ಈಗಲೂ ಸೂಜಿಯಲ್ಲಿ ಇವೆ. ನಮ್ಮಲ್ಲಿ ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ವಿರಕ್ತಮಠ ಅವರು ಹತ್ತಾರು ವರ್ಷ ಇದೇ ಕೆಲಸ ಮಾಡಿ ಎಷ್ಟೋ ಹೊಸ ಜಾತಿಗಳನ್ನು ಗುರುತಿಸಿದರು. ಅಂಥವರ ಹೆಸರು ಊರಿನಲ್ಲಿ ಯಾರಿಗೂ ಗೊತ್ತಿಲ್ಲ ಅಂತ ನನಗೆ ಬೇಸರ.

ತೋಟಕ್ಕೇನು ಲಾಭ ಅಂತೀರಾ? ಅಡಿಕೆಯ ಹಳದಿ ಎಲೆ ರೋಗವನ್ನು ಮರದಿಂದ ಮರಕ್ಕೆ ಒಯ್ಯುವುದು ಪ್ರೌಟಿಸ್ಟಾ ಮೋಯೆಸ್ಟಾ ಎಂಬ ಸಣ್ಣ ಹುಳ. ಅದು ಜಿಗಿಹುಳುಗಳ ದೂರದ ನೆಂಟ. ಭತ್ತಕ್ಕೆ ಟುಂಗ್ರೊ ರೋಗ ತರುವುದು ಹಸಿರು ಜಿಗಿಹುಳು. ಹುಳದ ಗುರುತೇ ಸರಿಯಾಗಿ ಸಿಗದಿದ್ದರೆ ರೋಗ ಯಾವ ದಾರಿಯಲ್ಲಿ ಬಂತು ಅಂತ ಹುಡುಕುವುದು ಹೇಗೆ? ಸುಮ್ನೆ ಕಂಡ ಹುಳಕ್ಕೆಲ್ಲ ಮದ್ದು ಹೊಡೆಯಬೇಕಷ್ಟೆ.

ತಮ್ಮನಿಗೆ ಒಂದು ಕೆಲಸ ಹೇಳಿ. ಜಗಲಿಯ ಲೈಟಿಗೆ ರಾತ್ರಿ ಬಂದು ಬೀಳುವ ಜಿಗಿಹುಳುಗಳನ್ನು ಸಣ್ಣ ಬಾಟಲಿಯಲ್ಲಿ ಸ್ಪಿರಿಟ್ ಹಾಕಿ ಇಡಲಿ. ತಾರೀಕು, ಜಾಗ ಬರೆದ ಚೀಟಿ ಬಾಟಲಿಯ ಒಳಗೇ ಇರಲಿ. ಪೆನ್ಸಿಲಿನಲ್ಲೇ ಬರೆಯಬೇಕು, ಶಾಯಿ ಆದರೆ ಕರಗುತ್ತದೆ. ಇಲ್ಲಿಗೆ ಪಾರ್ಸೆಲ್ ಮಾಡುವುದು ಬೇಡ. 2002ರ ಜೀವವೈವಿಧ್ಯ ಕಾಯ್ದೆ ಇದೆ, ಚೆನ್ನೈಯಲ್ಲಿರುವ ರಾಷ್ಟ್ರೀಯ ಜೀವವೈವಿಧ್ಯ ಪ್ರಾಧಿಕಾರದ ಅನುಮತಿಯಿಲ್ಲದೆ ಕಳಿಸುವ ಹಾಗಿಲ್ಲ. ಊರಿಗೆ ಬಂದಾಗ ನಾನೇ ನೋಡಿ, ಬೆಂಗಳೂರಿನಲ್ಲಿ ಗೊತ್ತಿರುವವರಿಗೆ ತೋರಿಸುತ್ತೇನೆ.

ಅಮ್ಮನಿಗೂ ಅಜ್ಜಿಗೂ ನಮಸ್ಕಾರ ತಿಳಿಸಿ. ಹಲಸಿನ ಹಪ್ಪಳವಾದರೆ ಧಾರಾಳ ಕಳಿಸಬಹುದು.

ನಿಮ್ಮ ಮಗಳು