ಥೀಸಿಸ್‌ನಲ್ಲಿ ಬರೆಯಲಾಗದ ಒಂದು ಹೆಸರು

ಕೂಲಿಗೆ ಗುಳೆ ಹೋಗುವ ಕುಟುಂಬಗಳ ಬಗ್ಗೆ ನಾನು ಬರೆದ ಪಿಎಚ್.ಡಿ. ಥೀಸಿಸ್‌ನ ವೈವಾ (ಮೌಖಿಕ ಪರೀಕ್ಷೆ) ಕಳೆದ ವಾರ ಮುಗಿಯಿತು. ಫೋನ್ ಮಾಡಿದವರು, ಮೆಸೇಜ್ ಹಾಕಿದವರು, ಸ್ಟೇಟಸ್‌ನಲ್ಲಿ ಫೋಟೊ ಹಾಕಿ ನನಗಿಂತ ಜಾಸ್ತಿ ಖುಷಿಪಟ್ಟವರು, ಎಲ್ಲರಿಗೂ ಬೇರೆಬೇರೆ ಉತ್ತರ ಕೊಡಲು ಆಗಿಲ್ಲ. ಅದಕ್ಕೇ ಇಲ್ಲಿ ಒಟ್ಟಿಗೆ ಬರೆಯುತ್ತಿದ್ದೇನೆ. ಅಪ್ಪ ಆಸ್ಪತ್ರೆ ಸೇರಿ ನನ್ನ ಕೆಲಸ ನಡುವೆ ನಿಂತಿತ್ತು ಅನ್ನೋದು ನಿಮ್ಮಲ್ಲಿ ಹೆಚ್ಚಿನವರಿಗೆ ಗೊತ್ತಿರುವುದೇ. ಅದನ್ನು ವಿವರವಾಗಿ ಮತ್ತೆ ಹೇಳುವುದಿಲ್ಲ.

ಥೀಸಿಸ್‌ನ ಮೊದಲ ಪುಟಗಳಲ್ಲಿ ಕೃತಜ್ಞತೆ ಇದೆ. ಗೈಡ್ ಹೆಸರು, ವಿಭಾಗದವರ ಹೆಸರು, ಮನೆಯವರ ಹೆಸರು ಎಲ್ಲ ಇವೆ. ಕೊನೆಗೆ ಒಂದು ಸಾಲು: 'ಮಾಹಿತಿ ನೀಡಿದ ಎಲ್ಲ ಕುಟುಂಬಗಳಿಗೆ.' ನಾನು ಎಲ್ಲರಿಗಿಂತ ಹೆಚ್ಚು ಋಣಿಯಾಗಿರುವ ವ್ಯಕ್ತಿ ಆ ಒಂದು ಸಾಲಿನೊಳಗೆ ಇದ್ದಾರೆ. ಅವರ ಹೆಸರು ಬರೆಯುವ ಹಾಗಿಲ್ಲ. ಮಾತಾಡಿಸುವ ಮೊದಲೇ ಒಪ್ಪಿಗೆ ಪತ್ರ ಓದಿ ಹೇಳಿ, ಹೆಸರು ಹೊರಗೆ ಬರುವುದಿಲ್ಲ ಅಂತ ಮಾತು ಕೊಟ್ಟಿದ್ದೆ. ಕೂಲಿ ಎಷ್ಟು ಸಿಕ್ಕಿತು, ಆಳುಗಳನ್ನು ಕೆಲಸಕ್ಕೆ ಕರೆದೊಯ್ಯುವ ಮೇಸ್ತ್ರಿ ಅಡ್ವಾನ್ಸ್‌ನಲ್ಲಿ ಎಷ್ಟು ಹಿಡಿದುಕೊಂಡ ಅಂತೆಲ್ಲ ಬಾಯಿಬಿಟ್ಟು ಹೇಳಿದವರಿಗೆ ಮುಂದಿನ ವರ್ಷ ಅದೇ ಮೇಸ್ತ್ರಿ ಕೆಲಸ ಕೊಡಬೇಕಲ್ವಾ? ಹಾಗಾಗಿ ಇಲ್ಲೂ ಅಕ್ಕ ಅಂತಲೇ ಬರೆಯುತ್ತೇನೆ. ನಾನು ಕರೆಯುವುದೂ ಹಾಗೆಯೇ.

ಅಕ್ಕನ ಊರು ಚಳ್ಳಕೆರೆ ತಾಲ್ಲೂಕಿನ ಒಂದು ಹಟ್ಟಿ. ಮಳೆ ಬಂದರೆ ಶೇಂಗಾ. ಶೇಂಗಾ ಕಿತ್ತ ಮೇಲೆ ಚಿಕ್ಕಮಗಳೂರು ಕಡೆ ಕಾಫಿ ಎಸ್ಟೇಟಿಗೆ ಗುಳೆ. ಮೊದಲ ಸಲ ಅವರ ಮನೆ ಮುಂದೆ ಕೂತು ಪ್ರಶ್ನಾವಳಿ ತೆಗೆದು, ಎಲ್ಲರನ್ನೂ ಕೇಳುವಂತೆ, 'ಮನೇಲಿ ಎಷ್ಟು ಜನ ಇದ್ದೀರಾ?' ಅಂತ ಕೇಳಿದೆ. ಅವರು, 'ಯಾವಾಗ? ಈಗ್ಲೋ, ಕಾಫಿ ಕುಯ್ಯಾಕೆ ಹೋದಾಗ್ಲೋ?' ಅಂದರು.

ನನ್ನ ಮೂರನೇ ಅಧ್ಯಾಯ ಹುಟ್ಟಿದ್ದು ಆ ಮಾತಿನಿಂದ. 2011ರ ಜನಗಣತಿ ನಡೆದದ್ದು ಫೆಬ್ರವರಿ 9ರಿಂದ 28ರವರೆಗೆ. ಆ ಅವಧಿ ಪೂರ್ತಿ ಊರಲ್ಲಿ ಇಲ್ಲದವರನ್ನು ಎಲ್ಲಿದ್ದಾರೋ ಅಲ್ಲೇ ಎಣಿಸಬೇಕು ಅನ್ನೋದು ನಿಯಮ. ಫೆಬ್ರವರಿ ಅಂದರೆ ರೊಬಸ್ಟಾ ಕೊಯ್ಲು. ಅಕ್ಕನಂಥವರು ಆಗ ಎಸ್ಟೇಟಿನಲ್ಲಿ ಕೂಲಿಯವರಿಗೆ ಸಾಲಾಗಿ ಕಟ್ಟಿದ ಲೈನ್ ಮನೆಯಲ್ಲಿರುತ್ತಾರೆ, ಹಾಗಾಗಿ ಊರಿನ ಲೆಕ್ಕಕ್ಕೆ ಸೇರುವುದಿಲ್ಲ. 2007-08ರ ರಾಷ್ಟ್ರೀಯ ಮಾದರಿ ಸಮೀಕ್ಷೆಯಲ್ಲಿ ಒಂದು ತಿಂಗಳಿಗೆ ಕಡಿಮೆ ಇಲ್ಲದೆ, ಆರು ತಿಂಗಳೊಳಗೆ ಕೆಲಸಕ್ಕೆ ಹೊರಗೆ ಹೋಗಿ ಬಂದವರ ಲೆಕ್ಕವನ್ನು ಬೇರೆಯಾಗಿ ತೆಗೆದುಕೊಂಡಿದ್ದರು, ಅದು ಒಳ್ಳೆಯ ಕೆಲಸ. ಆದರೆ ಇಡೀ ಮನೆ ಬೀಗ ಹಾಕಿಕೊಂಡು ಹೋಗಿದ್ದರೆ ಅಲ್ಲಿ ಉತ್ತರ ಕೊಡುವವರು ಯಾರು? ವೈವಾದಲ್ಲಿ ಪರೀಕ್ಷಕರು ಹೆಚ್ಚು ಹೊತ್ತು ಮಾತಾಡಿದ್ದು ಇದರ ಬಗ್ಗೆಯೇ. ಅಕ್ಕ ಆ ರೂಮಿನಲ್ಲಿ ಇರಬೇಕಿತ್ತು ಅಂತ ನನಗೆ ಅನಿಸುತ್ತಲೇ ಇತ್ತು.

ಈಗ ಅಪ್ಪ ಐಸಿಯುನಲ್ಲಿದ್ದ ಒಂದು ರಾತ್ರಿಯ ವಿಷಯ. 2023. ಸೆಪ್ಟೆಂಬರ್‌ನಲ್ಲೇ ಸರ್ಕಾರ 195 ತಾಲ್ಲೂಕುಗಳನ್ನು ಬರಪೀಡಿತ ಅಂತ ಘೋಷಿಸಿದ ವರ್ಷ. ಅಕ್ಕನ ಹೊಲದಲ್ಲಿ ಹಾಕಿದ ಬೀಜದಷ್ಟೂ ಶೇಂಗಾ ಬರಲಿಲ್ಲ. ಮೇಸ್ತ್ರಿ ಹತ್ತಿರ ಅಡ್ವಾನ್ಸ್ ತಗೊಂಡಾಗಿತ್ತು, ಮಾರನೇ ದಿನ ಬೆಳಿಗ್ಗೆ ಗಾಡಿ ಹೊರಡುವುದಿತ್ತು. ಹೊರಡುವ ಮುಂಚೆ ಹೇಳಿ ಹೋಗೋಣ ಅಂತ ಅವರು ಫೋನ್ ಮಾಡಿದರು. ನಾನು ದಾವಣಗೆರೆಯಲ್ಲಿ ಆಸ್ಪತ್ರೆಯ ಐಸಿಯು ಹೊರಗೆ ಒಬ್ಬಳೇ ಇದ್ದೆ. ತಮ್ಮ ಪುಣೆಯಿಂದ ಹೊರಟಿದ್ದ. ಅಮ್ಮನನ್ನು ಮನೆಗೆ ಕಳಿಸಿದ್ದೆ. ಏನು ಮಾತಾಡಿದೆನೋ ನೆನಪಿಲ್ಲ. ರಾತ್ರಿ ಮೆಟ್ಟಿಲ ಹತ್ತಿರ ನೋಡಿದರೆ ಅಕ್ಕ ನಿಂತಿದ್ದರು, ಕೈಯಲ್ಲಿ ಸಜ್ಜೆ ರೊಟ್ಟಿ ಗಂಟು, ಶೇಂಗಾ ಚಟ್ನಿಪುಡಿ. ಮಾರನೇ ದಿನದ ದಾರಿಗೆ ಅಂತ ಮಾಡಿಟ್ಟುಕೊಂಡಿದ್ದು ಅದು.

ಒಬ್ಬರೇ ಇರಬೇಕು ಅಂತ ಸೆಕ್ಯುರಿಟಿಯವರು ಹೇಳಿದರು. 'ನಾನು ಇವಳ ಅಕ್ಕ' ಅಂದು ಕಂಬಕ್ಕೆ ಒರಗಿ ನೆಲದ ಮೇಲೆ ಕೂತುಬಿಟ್ಟರು. ಐಸಿಯು ಬಾಗಿಲು ತೆರೆದಾಗಲೆಲ್ಲ ನನಗಿಂತ ಮೊದಲು ಎದ್ದು ನಿಲ್ಲುತ್ತಿದ್ದರು. ನರ್ಸ್ ಚೀಟಿ ಕೊಟ್ಟರೆ ನನ್ನ ಕೈ ಹಿಡಿದುಕೊಂಡು ಕೆಳಗೆ ಮೆಡಿಕಲ್ ಶಾಪಿಗೆ ಬರುತ್ತಿದ್ದರು, ಚಿಲ್ಲರೆ ಎಣಿಸಿಕೊಳ್ಳುತ್ತಿದ್ದರು, ಬಿಲ್ಲು ಮಡಚಿ ಸೆರಗಿನ ತುದಿಗೆ ಗಂಟು ಹಾಕಿಕೊಳ್ಳುತ್ತಿದ್ದರು. ಅವರಿಗೆ ಓದಲು ಬರುವುದಿಲ್ಲ. ಬೆಳಿಗ್ಗೆ ಆ ಗಂಟು ಬಿಚ್ಚಿ ಎಲ್ಲ ಬಿಲ್ಲುಗಳನ್ನೂ ತಗೊಂಡ ಕ್ರಮದಲ್ಲೇ ನನ್ನ ಕೈಗಿಟ್ಟರು.

ಮಧ್ಯರಾತ್ರಿ ದಾಟಿದ ಮೇಲೆ ಅವರೇ ಮಾತು ಶುರು ಮಾಡಿದರು. ನಾನು ರೂಢಿಯಂತೆ ಬ್ಯಾಗಿಗೆ ಕೈ ಹಾಕಿದ್ದು ನೋಡಿ, 'ಇವತ್ತು ಏನೂ ಬರ್ಕಾಬ್ಯಾಡ ಕಣವ್ವ, ಸುಮ್ನೆ ಮಲಿಕ್ಕ' ಅಂದರು. ಅಂದು ಹೇಳಿದ್ದು ಥೀಸಿಸ್‌ನಲ್ಲಿ ಒಂದು ಸಾಲೂ ಇಲ್ಲ. ಒಂದನ್ನು ಮಾತ್ರ ಅವರ ಒಪ್ಪಿಗೆ ಕೇಳಿಯೇ ಇಲ್ಲಿ ಬರೆಯುತ್ತಿದ್ದೇನೆ. ಒಂದು ವರ್ಷ ಎಸ್ಟೇಟಿನಲ್ಲಿ ಮಗುವಿಗೆ ಜ್ವರ ಏರಿತ್ತಂತೆ. ರಾತ್ರಿ ಜೀಪು ಸಿಗಲಿಲ್ಲ. ಲೈನ್ ಮನೆಯಲ್ಲಿ ಮಗುವನ್ನು ಮಡಿಲಲ್ಲಿ ಹಾಕಿಕೊಂಡು ಬೆಳಗಾಗುವವರೆಗೆ ಒಬ್ಬರೇ ಕೂತಿದ್ದರು. ಮಗು ಉಳಿಯಿತು. 'ಆವತ್ತು ಪಕ್ಕದಾಗೆ ಯಾರಾದ್ರೂ ಕುಂತಿದ್ರೆ ಸಾಕಿತ್ತು. ಅದ್ಕೇ ಬಂದೆ' ಅಂದರು.

ತಮ್ಮ ಬಂದ ಮೇಲೆ ಮುಖ ತೊಳೆದುಕೊಂಡು, ಎದುರಿನ ಅಂಗಡಿಯಲ್ಲಿ ಟೀ ಕುಡಿದು ಹೊರಟರು. ಅಷ್ಟೊತ್ತಿಗೆ ಗಾಡಿ ಹೋಗಿ ಆಗಿತ್ತು. ಹೆಂಗಸರಿಗೆ ಸರ್ಕಾರಿ ಬಸ್ ಉಚಿತ ಮಾಡಿದ ಶಕ್ತಿ ಯೋಜನೆ ಬಂದಿದ್ದರಿಂದ ಬಸ್ ಚಾರ್ಜು ಉಳಿಯಿತು, ಕೂಲಿ ಉಳಿಯಲಿಲ್ಲ. ತಡವಾಗಿ ಹೋಗಿದ್ದಕ್ಕೆ ಊರಿನ ಗುಂಪಿನಲ್ಲಿ ಜಾಗ ಸಿಗದೆ ಆ ಸೀಸನ್ನು ಪೂರ್ತಿ ಪರಿಚಯವಿಲ್ಲದವರ ಜೊತೆ ಕೆಲಸ ಮಾಡಿದರು. ಇದನ್ನು ನನಗೆ ಹೇಳಿದ್ದು ಅವರಲ್ಲ. ತಿಂಗಳುಗಳಾದ ಮೇಲೆ ಅವರ ನಾದಿನಿ ಹೇಳಿದರು. ಕೇಳಿ ಬಹಳ ಹೊತ್ತು ಅತ್ತೆ. ಈಗ ಬರೆಯುವಾಗಲೂ ಕೈ ನಿಲ್ಲುತ್ತಿದೆ. ಬರದ ವರ್ಷ, ಮೇಲೆ ಸಾಲ, ಅಂಥದ್ದರಲ್ಲಿ ಕೂಲಿ ಬಿಟ್ಟು ಬಂದು ನನ್ನ ಪಕ್ಕ ಕೂತವರಿಗೆ ನಾನು ಏನು ಕೊಡಲಿ?

ಅಪ್ಪ ಮನೆಗೆ ಬಂದ ಮೇಲೆ ಓದು ಬಿಟ್ಟುಬಿಡೋಣ ಅಂತ ತೀರ್ಮಾನ ಮಾಡಿದ್ದೆ. ಎಸ್ಟೇಟಿನಿಂದ ಅಕ್ಕನ ಫೋನ್ ಬಂದಾಗ ಅದನ್ನೇ ಹೇಳಿದೆ. 'ನಮ್ದೆಲ್ಲ ಬರ್ಕಂಡೋಗಿ ಮೂಲೆಗೆ ಹಾಕ್ತೀಯಾ?' ಅಂತ ಕೇಳಿದರು. ಅಂದು ರಾತ್ರಿಯೇ ಲ್ಯಾಪ್‌ಟಾಪ್ ತೆರೆದೆ.

ನನ್ನ ಗೈಡ್‌ಗೆ ಒಂದು ವಿಷಯಕ್ಕೆ ವಿಶೇಷವಾಗಿ ಧನ್ಯವಾದ. ಆ ರಾತ್ರಿಯ ಮಾತುಗಳನ್ನು ಬಳಸಬಹುದಾ ಅಂತ ಕೇಳಿದಾಗ ಸರ್, 'ಅವರು ಅಲ್ಲಿ ಮಾಹಿತಿದಾರರಾಗಿ ಬಂದಿರಲಿಲ್ಲ' ಅಂದರು. ಆಮೇಲೆ ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ ಅವರ ಕಥೆ ಹೇಳಿದರು. 1948ರಲ್ಲಿ ಮೈಸೂರು ಹತ್ತಿರದ ಹಳ್ಳಿಯಲ್ಲಿದ್ದು ಮಾಡಿಕೊಂಡ ಟಿಪ್ಪಣಿಗಳಿಂದ ವರ್ಷಗಟ್ಟಲೆ ಸಿದ್ಧಪಡಿಸಿದ ಬರಹವೆಲ್ಲ 1970ರಲ್ಲಿ ಸ್ಟ್ಯಾನ್‌ಫರ್ಡ್‌ನಲ್ಲಿ ಬೆಂಕಿಗೆ ಆಹುತಿಯಾಯಿತು, ಅವರು ನೆನಪಿನಿಂದಲೇ ಆ ಹಳ್ಳಿಯ ಬಗ್ಗೆ ಪುಸ್ತಕ ಬರೆದರು. ಬರೆದುಕೊಳ್ಳದೆ ಕೇಳಿದ ಆ ರಾತ್ರಿಯ ಮಾತುಗಳು ಥೀಸಿಸ್‌ಗೆ ಹೋಗಲಿಲ್ಲ. ಆದರೆ ಅವರ ಉಳಿದ ಮಾತುಗಳನ್ನು ನಾನು ಅರ್ಥ ಮಾಡಿಕೊಂಡ ರೀತಿ ಅಂದಿನಿಂದ ಬದಲಾಯಿತು.

ನಮ್ಮ ದಾವಣಗೆರೆ ವಿಶ್ವವಿದ್ಯಾಲಯದ ಆವರಣವಾದ ಶಿವಗಂಗೋತ್ರಿಯ ಲೈಬ್ರರಿಯವರಿಗೆ, ತೆಲುಗು ಬೆರೆತ ರೆಕಾರ್ಡಿಂಗ್‌ಗಳನ್ನು ಕೂತು ಕೇಳಿ ಬರೆದುಕೊಟ್ಟ ಗೆಳತಿಗೆ, ಅಂಕಿಅಂಶದ ಕೋಷ್ಟಕ ತಿದ್ದಿಕೊಟ್ಟ ಸೀನಿಯರ್‌ಗೆ, ಆಸ್ಪತ್ರೆಗೆ ಊಟ ಕಳಿಸಿದ ಪಕ್ಕದ ಮನೆಯವರಿಗೆ, ತಮ್ಮನಿಗೆ, ಅಮ್ಮನಿಗೆ, ನಿಮಗೆಲ್ಲರಿಗೂ ಧನ್ಯವಾದ. ಜಗಳೂರು ಕಡೆಯಿಂದ ಕಾಟನ್ ಮಿಲ್ ಕೆಲಸಕ್ಕೆ ದಾವಣಗೆರೆಗೆ ಬಂದು, ಮಿಲ್ ಮುಚ್ಚಿದ ಮೇಲೂ ಇಲ್ಲೇ ಉಳಿದ ಅಪ್ಪ ಈಗ ಕೋಲು ಹಿಡಿದು ಮಂಡಕ್ಕಿ ಭಟ್ಟಿ ಕಡೆ ಒಂದು ಸುತ್ತು ಹೋಗಿ ಬರುತ್ತಾರೆ. ಸಿಕ್ಕವರಿಗೆಲ್ಲ ಮಗಳು ಡಾಕ್ಟರ್ ಆದಳು ಅಂತ ಹೇಳುತ್ತಿದ್ದಾರೆ.

ಅಕ್ಕ ಇನ್ನೂ ಎಸ್ಟೇಟಿನಲ್ಲಿದ್ದಾರೆ. ನಾಯಕನಹಟ್ಟಿ ತೇರಿನ ಹೊತ್ತಿಗೆ ಹಟ್ಟಿಯವರೆಲ್ಲ ಊರಿಗೆ ಬರುತ್ತಾರೆ. ಥೀಸಿಸ್‌ನ ಸಾರವನ್ನು ಸರಳವಾಗಿ ಬರೆದು, ಅಲ್ಲಿ ಗುಡಿ ಕಟ್ಟೆ ಮೇಲೆ ಕೂತು ಎಲ್ಲರಿಗೂ ಓದಿ ಹೇಳಬೇಕು ಅಂತಿದ್ದೇನೆ. ಅಕ್ಕನಿಗೆ ಫೋನಿನಲ್ಲಿ ಹೇಳಿದೆ. 'ಬಾ. ತಪ್ಪು ಬರ್ದಿದ್ರೆ ಅಲ್ಲೇ ಹೇಳ್ತೀವಿ, ತಿದ್ಕಂಡು ಹೋಗು' ಅಂದಿದ್ದಾರೆ.